ಗೋಡೆಗೇರಿದ ಕೌದಿ

ನೀಲಪ್ಪ ಕೆಟ್ಟದ್ದು ಒಂದು ಸ್ಟೀಲಿನ ಕೊಡದ ಆಸೆಗೆ. ಎರಡು ವರ್ಷದ ಹಿಂದೆ, ಹಳೇ ಬಟ್ಟೆಗೆ ಪಾತ್ರೆ-ಭಾಂಡೆ ಕೊಡುವಾಕೆ ಬೈಲಹೊಂಗಲದ ಅವನ ಮನೆ ಬಾಗಿಲಿಗೆ ಬಂದಾಗ, ಅಕ್ಕ ರಾಚವ್ವ ಅವನ ಮದುವೆಗೆಂದು ಇಡೀ ಮಳೆಗಾಲ ಕೂತು ಹಳೇ ಬಟ್ಟೆಯ ತುಂಡು ಜೋಡಿಸಿ ಹೊಲಿದಿದ್ದ ಕೌದಿಯನ್ನು ಎತ್ತಿ ಕೊಟ್ಟುಬಿಟ್ಟಿದ್ದ. ಸಂಗೊಳ್ಳಿಯಿಂದ ಬಂದಾಗಲೆಲ್ಲ ಅಕ್ಕ ಕೌದಿ ಎಲ್ಲಿ ಅಂತ ಕೇಳುತ್ತಿದ್ದಳು.

"ಟ್ರಂಕಿನ್ಯಾಗ ಐತಿ ಅಕ್ಕಾ. ಹೊಚಗೊಂಡ್ರ ಹರದೀತಂತ ತಗದಿಟ್ಟೇನಿ."

ಅಕ್ಕನ ಕಣ್ಣು ತುಂಬಿ ಬರುತ್ತಿತ್ತು. ನೀಲಪ್ಪ ನೀರು ತರುವ ನೆಪದಲ್ಲಿ ಆ ಸ್ಟೀಲಿನ ಕೊಡ ಎತ್ತಿಕೊಂಡು ಹೊರಗೆ ಹೋಗುತ್ತಿದ್ದ.

೨೦೦೩ರ ಒಂದು ಗುರುವಾರ ಬೆಳಿಗ್ಗೆ, ಪಕ್ಕದ ಮನೆಯ ಟ್ರ್ಯಾಕ್ಸ್ ಗಾಡಿಯ ಡ್ರೈವರ್ ಖಾಲಿದ್ ಹಲ್ಲುಜ್ಜುತ್ತಲೇ ಸುದ್ದಿ ಉಗುಳಿದ.

"ನೀಲಪ್ಪಣ್ಣಾ, ಕಿತ್ತೂರ ರಸ್ತೆ ಹಳೇ ಯುನಿವರ್ಸಿಟಿ ಕಟ್ಟಡದಾಗ ಕೈಕಸಬಿನ ಕೇಂದ್ರ ಮಾಡ್ಯಾರಲ್ಲ, ಅಲ್ಲಿ ನಿಮ್ಮ ಕೌದಿ ಗ್ವಾಡಿಗೆ ತೂಗಹಾಕ್ಯಾರ!"

"ನಮ್ಮದಂತ ನಿನಗ ಹೆಂಗ ಗೊತ್ತಲೇ?"

"ನಿನ್ನ ಸಾಲಿ ಚಡ್ಡಿ ತುಂಡ ಐತಿ ಅದರಾಗ. ಅದರ ಹಿಂದಿನ ಬೆಂಚಿನ್ಯಾಗ ಏಳ ವರ್ಷ ಕುಂತೇನಿ, ಮರೀತೇನೇನು? ಇವತ್ತ ಸಂಗೊಳ್ಳಿ ಹೆಣಮಕ್ಕಳ ಸಂಘದವ್ರನ್ನ ಅಲ್ಲಿಗೇ ಕರಕೊಂಡ ಹೊಂಟೇನಿ. ನಿಮ್ಮಕ್ಕನೂ ಬರಾಕತ್ತಾಳ."

ನೀಲಪ್ಪನ ಮುಖ ಒಡೆದ ಹಾಲಿನಂತಾಯಿತು. ಅಂಗಿ ಗುಂಡಿ ಹಾಕಿಕೊಳ್ಳುತ್ತಲೇ ಬಸ್ಸಿಗೆ ಓಡಿದ.

ಒಂದು ಕಾಲದಲ್ಲಿ ಪ್ರೊಫೆಸರುಗಳು ಗುಡುಗುತ್ತಿದ್ದ ಎತ್ತರದ ಕಲ್ಲಿನ ಕಮಾನುಗಳ ಕೆಳಗೆ ಈಗ ಗಡಿಗೆ, ಬುಟ್ಟಿ, ತೊಟ್ಟಿಲುಗಳು ಸಾಲಾಗಿ ಕೂತಿದ್ದವು. ದೊಡ್ಡ ಹಾಲ್‌ನ ನಟ್ಟನಡುವಿನ ಗೋಡೆಯ ಮೇಲೆ ಕೌದಿ ತೂಗುತ್ತಿತ್ತು. ಭಾಂಡೆಯಾಕೆ ಇಲ್ಲಿಗೆ ಮಾರಿದ್ದಿರಬೇಕು. ಖಾಕಿ ಚಡ್ಡಿಯ ತುಂಡು, ಅಪ್ಪನ ರುಮಾಲಿನ ತುಂಡು... ನಡುವೆ ಕೆಂಪು ಇಳಕಲ್ ಸೆರಗು. ಅದು ಅಕ್ಕನ ಮದುವೆ ಸೀರೆ. ತನಗಾಗಿ ಅದಕ್ಕೂ ಕತ್ತರಿ ಹಾಕಿದ್ದಳೇ? ಅಷ್ಟು ವರ್ಷ ಹೊದ್ದು ಮಲಗಿದರೂ ಒಂದು ದಿನ ಕಣ್ಣು ಬಿಟ್ಟು ನೋಡಿರಲಿಲ್ಲ. ಕೈ ತಾನಾಗೇ ಮುಂದೆ ಹೋಯಿತು.

"ಮುಟ್ಟಬ್ಯಾಡ್ರಿ!" ಕೇಂದ್ರದ ಮುಖ್ಯಸ್ಥೆ ಶೀತಲ ಮೇಡಂ ಓಡಿ ಬಂದರು.

"ಮೇಡಮ್ಮಾರ, ಇದನ್ನ ಇವತ್ತೊಂದಿನ ತಗದ ಒಳಗಿಡ್ರಿ."

"ಯಾಕ್ರಿ?"

ನಿಜ ನಾಲಿಗೆಯ ತುದಿಗೆ ಬಂದು ಅಲ್ಲಿಂದಲೇ ವಾಪಸ್ಸಾಯಿತು. "ತಗಣಿ ಆಗ್ಯಾವ್ರಿ ಇದಕ್ಕ!"

ತಿಗಣೆಯ ಹೆಸರು ಕೇಳಿದ್ದೇ ತಡ, ಹಾಲ್‌ನಲ್ಲಿದ್ದವರೆಲ್ಲ ಒಮ್ಮೆಗೇ ಕೆರೆದುಕೊಳ್ಳತೊಡಗಿದರು. ವಾಚ್‌ಮನ್ ಮಡಿವಾಳೆಪ್ಪ ಕಂಬಕ್ಕೆ ಬೆನ್ನು ಉಜ್ಜಿದ. "ಅದಕ್ಕ ನಿನ್ನಿಯಿಂದ ನನಗ ಕಡಿಯಾಕತ್ತಾವ!"

ಏಣಿ ಬಂತು, ಕೌದಿ ಇಳಿಯಿತು. ಆದರೆ ಮಡಿವಾಳೆಪ್ಪ ಅದನ್ನು ನೇರ ಗೇಟಿನ ಹತ್ತಿರ ಒಯ್ದು, ಹಗ್ಗಕ್ಕೆ ಹರವಿ ಬಡಿಗೆ ಹಿಡಿದ.

"ಹೊರಗ್ಯಾಕ್ರಿ? ಒಳಗ ಖೋಲ್ಯಾಗ ಇಡ್ರಿ!" ಅಂದ ನೀಲಪ್ಪ.

"ತಗಣಿ ಸಾಕಾಕ ನಮಗ ಹುಚ್ಚ ಹಿಡದೈತೇನ್ರಿ?"

ಅಷ್ಟರಲ್ಲಿ ಖಾಲಿದನ ಹಾರ್ನು ಕೇಳಿಸಿತು. ದಿಕ್ಕು ತೋಚದೆ ನೀಲಪ್ಪ ಕೌದಿಯ ಹಿಂದೆಯೇ ಅವಿತುಕೊಂಡ. ಮಡಿವಾಳೆಪ್ಪ ಬಡಿಗೆ ಬೀಸಿದ.

"ಅಯ್ಯಯ್ಯಪ್ಪಾ!"

ನೀಲಪ್ಪ ಹೊರಬಿದ್ದ. ಎದುರಿಗೆ ರಾಚವ್ವ. ಕೌದಿಯನ್ನೊಮ್ಮೆ, ತಮ್ಮನನ್ನೊಮ್ಮೆ ನೋಡಿದಳು. ನೀಲಪ್ಪ ಕಣ್ಣು ಮುಚ್ಚಿದ.

"ನೋಡ್ರವ್ವಾ, ನನ್ನ ಕೌದಿ! ಯುನಿವರ್ಸಿಟ್ಯಾಗ!" ಅಕ್ಕನ ದನಿ ಕಮಾನುಗಳಿಗೆ ಬಡಿದು ಮರಳಿತು. "ಟ್ರಂಕಿನ್ಯಾಗ ಐತಿ ಅಂತ ಸುಳ್ಳ ಹೇಳಿ ಇಲ್ಲಿ ತಂದ ಕೊಟ್ಟಾನ ನನ್ನ ತಮ್ಮ. ಇವತ್ತ ತೋರಸಾಕಂತ ಓಡಿ ಬಂದಾನ, ಖೋಡಿ!"

ಸಂಘದ ಹೆಂಗಸರು ಚಪ್ಪಾಳೆ ತಟ್ಟಿದರು. ನೀಲಪ್ಪ ಮೆಲ್ಲಗೆ ಕಣ್ಣು ತೆರೆದ. "ಹೌದಕ್ಕಾ... ನಿನಗ ಗೊತ್ತಾಗಬಾರದಂತ..."

"ಅದಿರ್ಲಿ, ಇದನ್ನ್ಯಾಕ ಬಡಿಯಾಕತ್ತೀರಿ?"

"ತಗಣಿ ಆಗ್ಯಾವಂತ ಬೇ," ಅಂದ ಮಡಿವಾಳೆಪ್ಪ. "ಇವ್ರ ಬಂದು ಹೇಳಿದ್ರು."

ಚಪ್ಪಾಳೆ ನಿಂತಿತು. ರಾಚವ್ವ ಕೌದಿಯ ಒಂದೊಂದು ತುಂಡನ್ನೂ ಬೆರಳಿಂದ ಬಿಡಿಸಿ ನೋಡಿದಳು. ಒಂದೂ ತಿಗಣೆ ಇರಲಿಲ್ಲ.

"ಮಾರಿದ್ರೂ ನಾ ಏನೂ ಅಂತಿದ್ದಿಲ್ಲೋ ನೀಲ್ಯಾ. ಮಂದ್ಯಾಗ ನನ್ನ ಹೊಲಿಗಿಗೆ ತಗಣಿ ಅಂದಿ."

"ಅಕ್ಕಾ, ಅದು ಹಂಗಲ್ಲ..." ಅಂದ ನೀಲಪ್ಪ.

ಶೀತಲ ಮೇಡಂ ಪೆನ್ನು ಹಿಡಿದು ಬಂದರು. "ಇದನ್ನ ಹೊಲಿದವ್ರು ನೀವೇನ್ರಿ ಅಮ್ಮಾರ? ಹೆಸರ ಸಿಗದ ಎರಡ ವರ್ಷದಿಂದ ಹುಡಕಾಕತ್ತೇವಿ. ಹೆಸರು, ಊರು, ಮನೀಮಂದಿ ಎಲ್ಲಾ ಹೇಳ್ರಿ, ಬೋರ್ಡಿನ ಮ್ಯಾಲ ಬರಸ್ತೇವಿ."

"ಬರಕೋರಿ," ಅಂದಳು ಅಕ್ಕ, ಕೌದಿಯಿಂದ ಕಣ್ಣೆತ್ತದೆ. "ರಾಚವ್ವ. ಸಂಗೊಳ್ಳಿ. ತಮ್ಮಂದಿರು ಯಾರೂ ಇಲ್ಲ."

ಶೀತಲ ಮೇಡಂ ಅಷ್ಟನ್ನೂ ಬರೆದುಕೊಂಡರು.