ನುಗ್ಗೆಬೀಜ ಹಾಕಿ ಸುಮ್ಮನಿರಬೇಕು

— ಕೋಲು ಕೆಳಗಿಡ್ರೀ ಅಂದ್ನಲ್ಲ.

— ಇಟ್ಟರೆ ಬಣ್ಣ ತಾನಾಗಿ ತಳಕ್ಕೆ ಇಳಿಯುತ್ತೇನೇ?

— ತಾನಾಗೇ ಇಳಿಯೋದು. ಮೊದಲು ಜೋರಾಗಿ, ಆಮೇಲೆ ಮೆತ್ತಗೆ ತಿರುಗಿಸಿ, ಬಿಟ್ಟು ಹೋಗ್ಬೇಕು. ನಮ್ಮಮ್ಮ ಹೊಳೆ ನೀರಿಗೆ ಹಾಗೇ ಮಾಡೋಳು.

ಚೆನ್ನಿಮಲೆಯ ತನ್ನ ಬಣ್ಣ ಹಾಕುವ ಶೆಡ್ಡಿನಲ್ಲಿ ನಾಚಿಮುತ್ತು ಬೆಳಗ್ಗೆಯಿಂದ ತೊಟ್ಟಿಯ ಕೆಂಪು ಕೊಳೆನೀರಿಗೆ ನುಗ್ಗೆಬೀಜದ ಪುಡಿ ಕಲಸಿ ಹಾಕಿ ತಿರುಗಿಸುತ್ತಲೇ ಇದ್ದ. ಹನ್ನೆರಡಕ್ಕೆ ಮಾಲಿನ್ಯ ತಪಾಸಣೆಯ ಅಧಿಕಾರಿ ಬರುವವರಿದ್ದರು. ನೀರು ತಿಳಿಯಾಗದಿದ್ದರೆ ಶೆಡ್ಡಿಗೆ ಬೀಗ. ನೂಲಿಗೆ ಬಣ್ಣ ಕಟ್ಟುವುದು ಬಿಟ್ಟರೆ ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಕೈ ಸುಮ್ಮನಿಡುವುದಂತೂ ಮೊದಲೇ ಗೊತ್ತಿರಲಿಲ್ಲ.

— ಕೈ ನಿಲ್ಲಿಸಿದ್ರೆ ಮಚ್ಚೆ ಬೀಳುತ್ತೆ ಕಣೇ.

— ಅದು ನೂಲಿಗೆ. ಇದು ಕೊಳೆ. ಇದಕ್ಕೆ ಮಚ್ಚೆ ಬಿದ್ದರೆ ಯಾರು ಕೇಳ್ತಾರೆ?

ಹೆಂಡತಿ ಪಾವಾಯಿ ಕೋಲು ಕಿತ್ತುಕೊಂಡು ನೆಲದ ಮೇಲೆ ಹಾಕಿ, ಅದರ ಮೇಲೆಯೇ ಕೂತಳು.

— ಬೀಜಾನೇ ಸರಿಯಿಲ್ಲ. ಕಾಯಿ ಬಲಿಯೋಕೆ ಬಿಟ್ಟಿದ್ಯಾ ನೀನು? ಎಳೇದೇ ಕಿತ್ತು ಸಾಂಬಾರಿಗೆ ಹಾಕ್ದೆ.

— ಆ ಸಾಂಬಾರು ಮೂರು ಸಲ ಬಡಿಸ್ಕೊಂಡೋರು ಯಾರು?

— ಬೆಂದಿದೆಯೋ ಇಲ್ವೋ ನೋಡ್ದೆ.

— ನೋಡೋದೇ ನಿಮ್ಮ ಕಾಯಿಲೆ. ಅನ್ನದ ಮುಚ್ಚಳ ಏಳು ಸಲ ತೆಗೀತೀರಿ. ಮದುವೆ ದಿನ ತಾಳಿ ಗಂಟು ಬಿಗಿಯಾಯ್ತಾ ಅಂತ ಮೂರು ಸಲ ಎಳೆದು ನೋಡಿದ್ರಿ. ಕುತ್ತಿಗೆ ಇನ್ನೂ ನೋಯುತ್ತೆ.

— ಗಂಟು ಬಿಚ್ಚಿತಾ? ಇಪ್ಪತ್ತಾರು ವರ್ಷ ಆಯ್ತಲ್ಲ, ಬಿಚ್ಚಿತಾ ಹೇಳು.

ನಾಚಿಮುತ್ತುವಿಗೆ ನಿಜಕ್ಕೂ ಬೇಜಾರಾಯಿತು. ತಾಳಿಯಿಂದ ಮಾತು ಮಾವ ಕೊಟ್ಟ ಕುಂಟು ಎಮ್ಮೆಗೆ ಹೋಯಿತು, ಎಮ್ಮೆಯಿಂದ ಪಳನಿ ಯಾತ್ರೆಯಲ್ಲಿ ಬಸ್ಸು ತಪ್ಪಿದ್ದಕ್ಕೆ. ಬಸ್ಸು ಯಾರಿಂದ ತಪ್ಪಿತು ಎಂದು ತೀರ್ಮಾನವಾಗುವ ಮೊದಲೇ ಹೊರಗೆ ಸ್ಕೂಟರು ನಿಂತ ಸದ್ದಾಯಿತು.

ಅಧಿಕಾರಿ ಮೇಡಂ ಒಳಗೆ ಬಂದು, ತೊಟ್ಟಿಯಲ್ಲಿ ಗಾಜಿನ ಲೋಟ ಮೆಲ್ಲಗೆ ಅದ್ದಿ ಬೆಳಕಿಗೆ ಹಿಡಿದರು. ಲೋಟದಾಚೆ ಅವರ ಬೆರಳು ಕಾಣುತ್ತಿತ್ತು. ಕೆಂಪೆಲ್ಲ ತಳದಲ್ಲಿ ಕೂತಿತ್ತು.

— ಪರವಾಗಿಲ್ವೇ, ಏನು ಹಾಕಿದ್ರಿ?

— ನುಗ್ಗೆಬೀಜ, ಮೇಡಂ.

— ಆಮೇಲೆ?

ನಾಚಿಮುತ್ತು ಹೆಂಡತಿಯ ಮುಖ ನೋಡಿದ.

— ಜಗಳ ಆಡಿದ್ವಿ, ಮೇಡಂ, ಅಂದಳು ಪಾವಾಯಿ. ಒಂದೂವರೆ ಗಂಟೆ.

ಮೇಡಂ ನಗು ತಡೆದುಕೊಂಡು, "ಒಂದೂವರೆ ಗಂಟೆ ಅಲುಗಾಡಿಸದೆ ಬಿಡುವುದು" ಎಂದು ಬರೆದುಕೊಂಡು ಹೋದರು. ಬೀಗ ಬೀಳಲಿಲ್ಲ.

ನಾಚಿಮುತ್ತು ತೊಟ್ಟಿಯನ್ನೇ ನೋಡುತ್ತಾ ನಿಂತ. ಆಮೇಲೆ ಗಂಟಲು ಸರಿಮಾಡಿಕೊಂಡು ಅಂದ:

— ಪಾವಾಯಿ, ನಾಳೆ ನೀಲಿ ತೊಟ್ಟಿ ಇದೆ. ಯಾವುದಾದ್ರೂ ಒಂದು ಜಗಳ ಉಳಿಸ್ಕೊಂಡಿರು.

— ಒಂದೇನು, ನಿಮ್ಮಕ್ಕನ ವಿಷಯ ನಾನಿನ್ನೂ ಶುರುವೇ ಮಾಡಿಲ್ಲ.