ಮಂದಿ ಇಲ್ಲದ ಫೋಟೋ

ಹುರುಪು ಎನ್ನುವುದು ಇನ್ನೊಬ್ಬರಿಗೆ ಹಂಚಲು ಬಹಳ ಅಗ್ಗದ ವಸ್ತು. “ಬಿಡಬ್ಯಾಡ್ರಿ, ನಿಮ್ಮ ಕೈಯಾಗ ಕಲಾ ಐತಿ” ಎಂದು ನನ್ನ ಬೆನ್ನು ತಟ್ಟಿದವರು ಬೀಳಗಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ತಟ್ಟಿದ ಕೈ ಆಮೇಲೆ ಜೇಬಿಗೆ ಹೋದದ್ದನ್ನು ಮಾತ್ರ ನಾನು ಕಂಡಿಲ್ಲ. ನಾನು ಹೊಳೆ, ಹೊಲ, ಆಕಾಶಗಳ ಫೋಟೋ ತೆಗೆಯುವವನು. ಹಾಗೆಂದು ನಾನು ಹೇಳಿಕೊಳ್ಳುತ್ತೇನೆ. ನನ್ನ ಅಂಗಡಿಯ ಬೋರ್ಡು ‘ಪಾಸ್‌ಪೋರ್ಟ್ ಸೈಜ್ ಫೋಟೋ ತಕ್ಷಣ ಸಿಗುತ್ತದೆ’ ಎನ್ನುತ್ತದೆ. ಮನೆ ನಡೆಯುವುದು ಇವೆರಡರಿಂದಲೂ ಅಲ್ಲ, ಹೆಂಡತಿ ಕಸ್ತೂರಿಯ ಹೊಲಿಗೆ ಮಶೀನಿನಿಂದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯನ್ನು ಅವಳು ಒಮ್ಮೆಯೂ ಆಡಿದವಳಲ್ಲ. ಆಡಿದ್ದರೆ ನಾನು ಒಂದಿಷ್ಟು ಜಗಳ ತೆಗೆದು ಹಗುರಾಗುತ್ತಿದ್ದೆ.

ಮದುವೆಯಾದ ಹೊಸದರಲ್ಲಿ, ಹೊಳೆಯ ಮೇಲೆ ಮಂಜು ಕವಿದ ಒಂದು ಫೋಟೋವನ್ನು ಹೆಮ್ಮೆಯಿಂದ ಅವಳ ಮುಂದೆ ಹಿಡಿದಿದ್ದೆ. ಬಹಳ ಹೊತ್ತು ಹುಡುಕಿದಳು. “ಇದರಾಗ ಒಬ್ಬರೂ ಇಲ್ಲಲ್ರಿ! ಯಾರ ತಗೋಬೇಕು ಇದನ್ನ?” ಎಂದಳು. ನಮ್ಮ ಕಡೆಯವರಿಗೆ ಫೋಟೋ ಎಂದರೆ ಮಂದಿ. ಸ್ಟುಡಿಯೋದಲ್ಲಿ ಜಮಖಂಡಿಯ ಪೇಂಟರನಿಂದ ಬರೆಸಿದ ಒಂದು ಪರದೆ ಇದೆ: ಹಿಮದ ಗುಡ್ಡ, ಅದರ ಕೆಳಗೆ ತೋಟ, ಗುಲಾಬಿ. ಅದರ ಮುಂದೆ ನಿಲ್ಲಲು ಹಿನ್ನೀರಿನ ದಂಡೆಯ ಊರುಗಳಿಂದ ಜನ ಬಸ್ಸು ಹತ್ತಿ ಬರುತ್ತಾರೆ. “ಹೊಳಿ ಮುಂದ ನಿಂದರ್ರಿ, ಎಷ್ಟ್ ಛಲೋ ಬರ್ತೈತಿ” ಎಂದು ಒಬ್ಬರಿಗೆ ಹೇಳಿ ನೋಡಿದೆ. “ಬ್ಯಾಡ್ರಿ, ನೀರು ನೋಡಿ ನೋಡಿ ಸಾಕಾಗೈತಿ” ಎಂದರು. ಆಣೆಕಟ್ಟಿನ ನೀರಿಗೆ ಮನೆ ಬಿಟ್ಟು ಬಂದವರು ಅವರು. ನಾನು ಪರದೆಯ ಸುಕ್ಕು ಸರಿಪಡಿಸಿದೆ.

ಮದುವೆಗಳ ಕೆಲಸವೂ ಕೈಹಿಡಿಯಲಿಲ್ಲ. ರಬಕವಿಯ ಒಂದು ಮದುವೆಯಲ್ಲಿ ಸರಿಯಾಗಿ ಅಕ್ಕಿಕಾಳು ಬೀಳುವ ಹೊತ್ತಿಗೆ ಪೆಂಡಾಲಿನ ಹೊರಗೆ ಒಂದು ಮೋಡ ಬಂದು ನಿಂತಿತು. ಏನು ಮೋಡ ಅಂತೀರಿ! ನಾನು ಹೊರಗೋಡಿದೆ. ಒಳಗೆ ಮದುವೆ ಮುಗಿದೇ ಹೋಯಿತು. ಮದುಮಗಳ ಸೋದರಮಾವ ಹುಡುಕಿಕೊಂಡು ಬಂದು, “ಮದಿವಿ ಮೋಡದ್ದೇನ್ರಿ?” ಎಂದು ಕೇಳಿದರು. ಆಮೇಲೆ ರಬಕವಿ-ಬನಹಟ್ಟಿಯಿಂದ ನನಗೆ ಯಾರೂ ಕರೆ ಕಳಿಸಲಿಲ್ಲ.

ಇಷ್ಟಾದ ಮೇಲೆ ಹುರುಪು ಎಲ್ಲಿ ಉಳಿದೀತು? ಲೆನ್ಸು ಮಾರಿಬಿಡುತ್ತೇನೆ, ಇನ್ನು ಹೊಳೆಯ ಕಡೆ ಹೋಗುವುದಿಲ್ಲ ಎಂದು ಕಸ್ತೂರಿಗೆ ಹೇಳಿದೆ. “ಮಾರ್ರಿ” ಎಂದು ಅವಳು ಮಶೀನು ತುಳಿಯುತ್ತಲೇ ಅಂದಳು. ಆದರೆ ತಲೆ ಎತ್ತಲಿಲ್ಲ. ಆ ವಾರವೇ ಬಸಪ್ಪ ಕಾಕಾ ಅಂಗಡಿಗೆ ಬಂದರು. ನಮ್ಮ ಊರೂ ಅದೇ ಹಿನ್ನೀರಿನಲ್ಲಿ ಮುಳುಗಿದ್ದು; ಅಲ್ಲಿ ಅವರು ನಮ್ಮ ಓಣಿಯವರೇ. ಪಾಸ್‌ಪೋರ್ಟ್ ಫೋಟೋ ಬೇಕಾಗಿತ್ತು. ಗೋಡೆಯ ಹಸಿ ಕಲೆ ಮುಚ್ಚಲೆಂದು ನಾನು ತೂಗುಹಾಕಿದ್ದ ಹಳೆಯ ಫೋಟೋದ ಮುಂದೆ ನಿಂತವರು ಅಲ್ಲಿಂದ ಕದಲಲಿಲ್ಲ. ಊರು ಮುಳುಗುವ ಮೊದಲು ನಾನು ಅದನ್ನು ತೆಗೆದದ್ದು ಸಂಜೆಯ ಹೊಳೆಗಾಗಿ. ಊರು ನಡುವೆ ಅಡ್ಡ ಬಂದಿತ್ತು, ಅಷ್ಟೆ. ಕಾಕಾ ಗಾಜಿನ ಮೇಲೆ ಬೆರಳಿಟ್ಟು, “ತಮ್ಮಾ, ಈ ಬೇವಿನ ಗಿಡದ ಬಾಜೂಕ… ಇದು ನಮ್ಮ ಮನಿ ಅಲ್ಲೇನೋ?” ಎಂದರು. ಅವರ ಮುಖವನ್ನು ಆ ಹೊತ್ತಿನಲ್ಲಿ ನನಗೆ ನೋಡಲಾಗಲಿಲ್ಲ. ಪಾಸ್‌ಪೋರ್ಟ್ ಫೋಟೋ ಮರೆತು, ಗೋಡೆಯ ಫೋಟೋ ಕಟ್ಟಿಸಿಕೊಂಡು ಹೋದರು.

ಮರುದಿನದಿಂದ ಅದರ ಪ್ರತಿಗಾಗಿ ನಮ್ಮೂರಿನವರ ಸಾಲೇ ಹತ್ತಿತು. ಬೆಳಕು ಹೇಗಿದೆ, ಹೊಳೆ ಹೇಗೆ ಮಿನುಗುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ಬೆರಳಿಡುವುದು, “ಇದು ನಮ್ಮದು” ಅನ್ನುವುದು, ಕಣ್ಣೊರೆಸಿಕೊಳ್ಳುವುದು. ಫ್ರೇಮಿನ ಅಂಚಿಗೆ ಸಿಕ್ಕ ಮನೆಯವನೊಬ್ಬ, “ನಮ್ಮ ಮನಿ ಅರ್ಧಾ ಕಡದೀಯಲ್ಲೋ, ನಾ ಅರ್ಧಾ ರೊಕ್ಕಾನ ಕೊಡಾಂವ” ಎಂದು ತಕರಾರು ತೆಗೆದ. ಹೀಗೆ ನಾನೊಬ್ಬ ಮಾರಾಟವಾಗುವ ಕಲಾವಿದನಾದೆ. ಖುಷಿಯಾಗಬೇಕಿತ್ತು, ಊರು ಮುಳುಗಿದ್ದಕ್ಕೆ ನನ್ನ ಹೊಟ್ಟೆ ತುಂಬುತ್ತಿದೆ ಎಂದು ನಾಚಿಕೆಯಾಯಿತು. ಆದರೂ ಲೆನ್ಸು ಮಾರಲಿಲ್ಲ.

ಒಂದು ದೊಡ್ಡ ಪ್ರತಿಯನ್ನು ಮನೆಗೆ ಒಯ್ದು ಅವ್ವನ ಕೈಗೆ ಕೊಟ್ಟೆ. ಮೂಗಿಗೆ ಚಾಳೀಸು ಏರಿಸಿಕೊಂಡು ಅವಳು ಊರಿನ ಎಲ್ಲರ ಮನೆಯನ್ನೂ ಗುರುತು ಹಿಡಿದಳು. ಕಡೆಗೆ, “ನಮ್ಮದೆಲ್ಲೈತೋ?” ಎಂದಳು. ನಾನು ಹುಡುಕಿದೆ. ಹಳೆಯ ನೆಗೆಟಿವ್‌ಗಳನ್ನೆಲ್ಲ ಬೆಳಕಿಗೆ ಹಿಡಿದು ಹುಡುಕಿದೆ. ಎಲ್ಲಿಯೂ ಇಲ್ಲ. ಓಣಿಗೆಲ್ಲ ಎತ್ತರದ ಮನೆ ನಮ್ಮದೇ. ಅದರ ಮಾಳಿಗೆ ಹತ್ತಿದರೆ ಹೊಳೆ ಛಲೋ ಕಾಣುತ್ತಿತ್ತು. “ಯವ್ವಾ, ಎಲ್ಲಾ ನಮ್ಮ ಮಾಳಗಿ ಮ್ಯಾಲ ನಿಂತು ತಗದದ್ದು” ಎಂದೆ. ಅವಳು ಚಾಳೀಸು ತೆಗೆದು ಸೆರಗಿನಿಂದ ಒರೆಸಿದಳು. ಲಗ್ನವಾಗಿ ಬಂದದ್ದು, ನನ್ನನ್ನು ಹೆತ್ತದ್ದು, ಅಪ್ಪನನ್ನು ಕಳಿಸಿಕೊಟ್ಟದ್ದು ಎಲ್ಲವೂ ಆ ಮನೆಯಲ್ಲೇ.

ಈಗ ಆ ಫೋಟೋ ನಮ್ಮ ಪಡಸಾಲೆಯಲ್ಲಿದೆ. ಬಂದವರನ್ನೆಲ್ಲ ಅವ್ವ ಅದರ ಮುಂದೆ ನಿಲ್ಲಿಸಿ ಊರು ತೋರಿಸುತ್ತಾಳೆ. ಆಮೇಲೆ ಬೆರಳನ್ನು ಫ್ರೇಮಿನಿಂದ ಕೆಳಗಿಳಿಸಿ, ಬರಿಯ ಸುಣ್ಣದ ಗೋಡೆಯ ಮೇಲೆ ಇಟ್ಟು, “ಇಲ್ಲೈತಿ ನೋಡ್ರಿ ನಮ್ಮ ಮನಿ” ಅನ್ನುತ್ತಾಳೆ. ಬಂದವರು ಬಗ್ಗಿ ಆ ಗೋಡೆಯನ್ನೇ ನೋಡುತ್ತ, “ಹೌದ ಬಿಡ್ರಿ ಯವ್ವಾ, ದೊಡ್ಡ ಮನಿ” ಎನ್ನುತ್ತಾರೆ. ನಾನು ತೆಗೆದ ಯಾವ ಫೋಟೋವನ್ನೂ ಜನ ಇಷ್ಟು ಹೊತ್ತು ನಿಂತು ನೋಡಿಲ್ಲ.