ಕೂರ್ಗ್ ಅಂದವರು ಪಾತ್ರೆ ತೊಳೆಯಬೇಕು

ದ್ವಾರಕನಾಥನ ಕಣ್ಣಿಗೆ ಸಿಂಗಪುರದಲ್ಲಿ ಎಲ್ಲವೂ ಸರಿಯಾಗಿತ್ತು, ಒಂದನ್ನು ಬಿಟ್ಟು. ರೈಲು ಹೇಳಿದ ಹೊತ್ತಿಗೆ ಬರುತ್ತಿತ್ತು. ಲಿಫ್ಟು ಕೆಟ್ಟರೆ ಸಂಜೆಯೊಳಗೆ ಸರಿಹೋಗುತ್ತಿತ್ತು. ಆದರೆ ಈ ದ್ವೀಪದ ಉದ್ದಗಲದಲ್ಲಿ ಒಬ್ಬನೇ ಒಬ್ಬ ನರಮನುಷ್ಯನೂ ಅವನ ಹೆಂಡತಿಯ ತವರುಸೀಮೆಯನ್ನು 'ಕೊಡಗು' ಎನ್ನುತ್ತಿರಲಿಲ್ಲ. ಪಾಯಾ ಲೆಬಾರ್‌ನ ಆಫೀಸಿನಲ್ಲಿ ಪಕ್ಕದ ಮೇಜಿನ ಅವಿನಾಶ, ಬೆಂಗಳೂರಿನಲ್ಲಿ ಹುಟ್ಟಿ ಕನ್ನಡ ಮೀಡಿಯಮ್ಮಿನಲ್ಲಿ ಓದಿದವನು, "ಡಿಸೆಂಬರ್‌ಗೆ ಕೂರ್ಗ್ ಟ್ರಿಪ್ ಬುಕ್ ಮಾಡ್ದೆ ಗುರು" ಎನ್ನುತ್ತಿದ್ದ. ಸ್ವಂತ ಮಕ್ಕಳೇ ಲಿಫ್ಟಿನಲ್ಲಿ ಯಾರಾದರೂ ಕೇಳಿದರೆ "ಮಮ್ಮಿ ಫ್ರಮ್ ಕೂರ್ಗ್ ಲಾ" ಎಂದು ಉತ್ತರಿಸುತ್ತಿದ್ದವು. ಸಿಂಗಪುರದವರು ಮಾತಿನ ಬಾಲಕ್ಕೆ ಅಂಟಿಸುವ ಆ 'ಲಾ'ವನ್ನು ಅವನು ಹೇಗೋ ನುಂಗಿಕೊಂಡಿದ್ದ. ಕೂರ್ಗ್ ಮಾತ್ರ ಗಂಟಲಲ್ಲೇ ನಿಲ್ಲುತ್ತಿತ್ತು.

"ಬ್ರಿಟಿಷರ ನಾಲಗೆ ಹೊರಳಲಿಲ್ಲ, ಕೂರ್ಗ್ ಅಂದ್ರು. ನಮ್ಮ ನಾಲಗೆಗೇನು ಬಂದಿದೆ ರೋಗ?" ಎಂದು ಊಟದ ಮೇಜಿನಲ್ಲಿ ಗುಡುಗುತ್ತಿದ್ದ.

"ಕೊಡಗಿನವಳು ನಾನು ಕಣ್ರೀ," ಎಂದು ಮೀರಾ ಹುಳಿ ಬಡಿಸುತ್ತಲೇ ಹೇಳುತ್ತಿದ್ದಳು. "ನನಗೇ ಇಲ್ಲದ ಹೊಟ್ಟೆನೋವು ಮೈಸೂರಿನವರಿಗೆ ಯಾಕೆ?"

ಅವನ ಹೊಟ್ಟೆನೋವಿಗೆ ಒಂದು ಹೆಸರಿತ್ತು: ಮಾವ ಅಚ್ಚಯ್ಯ.

ಅಚ್ಚಯ್ಯನವರು ಮಡಿಕೇರಿಯ ಶಾಲೆಯೊಂದರಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದವರು. ಅದು ಹೊಟ್ಟೆಪಾಡು. ಆತ್ಮದಲ್ಲಿ ಅವರು ಹಾಕಿ ಅಂಪೈರು. ಒಮ್ಮೆ ಊದಿದ ಸೀಟಿಯನ್ನು ಜೀವಮಾನದಲ್ಲಿ ಹಿಂದಕ್ಕೆ ತೆಗೆದುಕೊಂಡವರಲ್ಲ. ಮದುವೆಯ ಮಾತಿಗೆ ಹೋದಾಗ ಅವರು ಹುಡುಗನನ್ನು ಕೇಳಿದ್ದು ಒಂದೇ ಪ್ರಶ್ನೆ: "ಯಾವ ಪೊಸಿಷನ್ನು?" ದ್ವಾರಕನಾಥ ಹೆಮ್ಮೆಯಿಂದ, "ಸೀನಿಯರ್ ಅನಲಿಸ್ಟ್" ಎಂದಿದ್ದ. ಹಾಕಿ ಮೈದಾನದಲ್ಲಿ ಅಂಥ ಪೊಸಿಷನ್ನನ್ನು ಅಚ್ಚಯ್ಯ ಕಂಡಿರಲಿಲ್ಲ. ಮಗಳ ಮುಖ ನೋಡಿ ಮದುವೆಗೆ ಒಪ್ಪಿದರು, ಅಳಿಯನನ್ನು ಒಪ್ಪಿದರೋ ಇಲ್ಲವೋ ಇಂದಿಗೂ ತಿಳಿಯದು. ಅಂದಿನಿಂದ ಮಾವ ಅಳಿಯರ ಫೋನು ಸಂಭಾಷಣೆಯೆಲ್ಲ ಒಂದೇ ಸಾಲಿನದು. "ಹಲೋ. ಮೀರಾಗೆ ಕೊಡಿ."

ಆ ಅಚ್ಚಯ್ಯ ಈಗ ಮೊದಲ ಸಲ ಸಿಂಗಪುರಕ್ಕೆ ಬರುವವರಿದ್ದರು. ದ್ವಾರಕನಾಥನಿಗೆ ಮಿಂಚು ಹೊಳೆದದ್ದು ಆಗಲೇ. ಟೋವಾ ಪಾಯೋ ಬಡಾವಣೆಯ ಹನ್ನೊಂದನೇ ಮಹಡಿಯ ಈ ಮನೆಯಲ್ಲಿ, ಕಡಲಾಚೆಯ ಪರದೇಶದಲ್ಲಿ, ಎಲ್ಲರ ಬಾಯಲ್ಲೂ ತನ್ನ ನಾಡಿನ ಹೆಸರು ಅಚ್ಚುಕಟ್ಟಾಗಿ ಹೊರಡುವುದನ್ನು ಕೇಳಿದರೆ ಕಲ್ಲೂ ಕರಗೀತು, ಮಾವ ಕರಗದಿರುತ್ತಾರೆಯೇ?

ಹೀಗೆ ಆ ಮನೆಯಲ್ಲಿ 'ಕೊಡಗು ನಾಮೋಚ್ಚಾರ ಸಂರಕ್ಷಣಾ ಶಾಸನ' ಜಾರಿಯಾಯಿತು. ಅದರ ಏಕೈಕ ಕಲಮು: ಈ ಮನೆಯಲ್ಲಿ ಕೂರ್ಗ್ ಅಂದವರು ಆ ಹೊತ್ತಿನ ಪಾತ್ರೆ ತೊಳೆಯಬೇಕು. (ಪಾತ್ರೆ ಯಾರು ತೊಳೆಯಬೇಕೆಂಬುದೇ ಆ ಮನೆಯ ಚಿರಂತನ ಯುದ್ಧವಾಗಿದ್ದರಿಂದ ಮೀರಾ ತುಟಿ ಬಿಚ್ಚದೆ ಅಂಕಿತ ಹಾಕಿದಳು.)

"ಎಕ್ಸೆಪ್ಷನ್ ಇದ್ಯಾ ಪಪ್ಪಾ?" ಎಂದಳು ಮಗಳು ಶ್ರೀಯಾ. ದೊಡ್ಡವಳಾದ ಮೇಲೆ ವಕೀಲೆಯಾಗಬೇಕೆಂದಿದ್ದವಳು.

"ಇಲ್ಲ. ನಮ್ಮ ಬ್ಯಾಂಕಿನ ಚೇರ್ಮನ್ನೇ ಊಟಕ್ಕೆ ಬಂದ್ರೂ ಇಲ್ಲ."

ಮಗ ನಚಿಕೇತ ಮೊದಲ ವಾರ ಬೆರಳು ಸುಕ್ಕಾಗುವಷ್ಟು ಪಾತ್ರೆ ತೊಳೆದ. ಎರಡನೆಯ ವಾರ ಅವನ ನಾಲಗೆ ಮಂತ್ರ ಕಲಿತಂತೆ ಕೊಡಗು ಎಂದಿತು. ಎದುರು ಮನೆಯ ಲಿಮ್ ಆಂಟಿಗೂ ಶಾಸನ, ಶಿಕ್ಷೆ ಸಮೇತ ಪಾಠವಾಯಿತು. ಆಕೆ ಬಾಗಿಲಲ್ಲಿ ನಿಂತು "ಕೊ-ಡಾ-ಗೂ" ಎಂದು ಹೇಳಿ, ದ್ವಾರಕನಾಥ ತಿದ್ದಿದಷ್ಟು ಸಲವೂ ತಿದ್ದಿಕೊಂಡು, ಕೊನೆಗೆ ನಿಟ್ಟುಸಿರಿಟ್ಟಳು: "ಯೂ ಆಲ್ಸೋ ಸೇ ಟೋವಾ ಪಾಯೋ ರಾಂಗ್, ವಾಟ್. ಐ ನೆವರ್ ಸ್ಕೋಲ್ಡ್ ಯೂ." ದ್ವಾರಕನಾಥ ಅದನ್ನು ಕೇಳಿಸಿಕೊಳ್ಳಲಿಲ್ಲ. ಸುಧಾರಕರಿಗೆ ಕಿವಿ ಸ್ವಲ್ಪ ಮಂದ.

ಶನಿವಾರ ಅಚ್ಚಯ್ಯ ಬಂದಿಳಿದರು. ನೆಟ್ಟಗಿನ ಬೆನ್ನು, ಬಿಳಿ ಮೀಸೆ, ಕೈಯಲ್ಲಿ ಜೇನಿನ ಡಬ್ಬ. ಟ್ಯಾಕ್ಸಿಯಲ್ಲಿ ಕೂತವರು ಕಿಟಕಿಯಾಚೆಯ ಮರಗಳ ಸಾಲನ್ನು ನೋಡಿ, ಅಳಿಯನ ಜೊತೆ ಇಷ್ಟು ವರ್ಷಗಳಲ್ಲಿ ಎರಡನೆಯ ವಾಕ್ಯವನ್ನು ಆಡಿದರು.

"ಹಸಿರು ಚೆನ್ನಾಗಿದೆ. ನಮ್ಮ ಕೂರ್ಗ್ ಥರಾನೇ."

ದ್ವಾರಕನಾಥನ ಕೈಯಿಂದ ನೀರಿನ ಬಾಟಲಿ ಜಾರಿತು.

ಅಂದು ಸಂಜೆ ಮಾವ ಸ್ನಾನಕ್ಕೆ ಹೋದ ಕೂಡಲೇ ಅವನು ತುರ್ತು ಅಧಿವೇಶನ ಕರೆದ. ಶಾಸನ ರದ್ದು ಎಂದು ಘೋಷಿಸಿದ.

"ಕ್ಯಾನಾಟ್," ಎಂದ ನಚಿಕೇತ, ಸುಕ್ಕಿದ ಬೆರಳುಗಳ ನೆನಪಿನಲ್ಲಿ. "ನಾನು ಅಷ್ಟೊಂದು ತೊಳ್ದಿದೀನಿ. ನಾಟ್ ಫೇರ್ ಲಾ."

"ಚೇರ್ಮನ್ ಬಂದ್ರೂ ಇಲ್ಲ ಅಂದಿದ್ರಿ," ಎಂದಳು ಶ್ರೀಯಾ.

"ತಾತ ಕಣ್ರೋ. ಹಿರಿಯರು. ಅವರ ಊರು ಅವರಿಷ್ಟ."

"ಹಾಗಾದ್ರೆ ಮಮ್ಮಿ ಊರು ಮಮ್ಮಿ ಇಷ್ಟ ಅಲ್ವಾ? ಮಮ್ಮಿನೂ ಎರಡು ಸಲ ತೊಳ್ದಳು."

ದ್ವಾರಕನಾಥ ಸಹಾಯಕ್ಕಾಗಿ ಹೆಂಡತಿಯತ್ತ ನೋಡಿದ. ಮೀರಾ ಬಟ್ಟೆ ಮಡಿಸುತ್ತಿದ್ದಳು. ಅವಳ ಭುಜಗಳು ಕುಲುಕುತ್ತಿದ್ದವು, ಅಳುವಿಗಲ್ಲ. "ನಿಮ್ಮ ಸೀಟಿ, ನಿಮ್ಮ ಆಟ," ಎಂದಳು. "ನೋಡ್ಕೊಳ್ಳಿ. ಅಪ್ಪನ್ನ ಎಲ್ಲರ ಮುಂದೆ ತಿದ್ದಿದ್ರೆ ಮಾತ್ರ ನಾನು ಸುಮ್ನಿರಲ್ಲ."

ಭಾನುವಾರದ ಊಟಕ್ಕೆ ಮೀರಾ ಅಕ್ಕಿತರಿಯ ಕಡಂಬುಟ್ಟು ಉಂಡೆಗಳನ್ನೂ ಅಣಬೆ ಸಾರನ್ನೂ ಮಾಡಿದ್ದಳು. ಅತಿಥಿಗೆ ಅದೇ ಸಂತೋಷ, ಅಳಿಯನಿಗೆ ಅದೇ ಗಂಡಾಂತರ, ಏಕೆಂದರೆ ಆ ಉಂಡೆಯಿಂದ ಊರಿಗೆ ಒಂದೇ ಹೆಜ್ಜೆ. ಮಾತು ಆ ಕಡೆ ತಿರುಗದಂತೆ ನೋಡಿಕೊಳ್ಳಲು ಅವನು ಪಟ್ಟ ಪಾಡು ಅಷ್ಟಿಷ್ಟಲ್ಲ. ಹವಾಮಾನ ಎತ್ತಿದ; ಮಾವ "ಇದೇ ಮಳೆ ನಮ್ಮ ಕೂ..." ಎನ್ನುವಷ್ಟರಲ್ಲಿ ಭಯಂಕರವಾಗಿ ಕೆಮ್ಮಿದ. ರೈಲಿನ ವಿಷಯ ತೆಗೆದ, "ರೈಲೇ ಇಲ್ಲ ನೋಡಿ ನಮ್ಮ ಕೂ..." ಎಂದರು, ಇವನು ಚಮಚ ಬೀಳಿಸಿದ. ಯಾವ ನಾಡಿಗೂ ಸೇರದ ವಿಷಯವೆಂದು ಚಂದ್ರಲೋಕದ ಯಾನವನ್ನು ಎತ್ತಿದ. ಅಚ್ಚಯ್ಯ ಸ್ವಲ್ಪ ಯೋಚಿಸಿ, "ಹುಣ್ಣಿಮೆ ಚಂದ್ರನ್ನ ನೋಡಬೇಕಾದ್ರೆ ಕೂ..." ಎಂದರು. ದ್ವಾರಕನಾಥ ಎದ್ದು ಹೋಗಿ, ಒಳಗೆ ಏನೂ ಇಲ್ಲದ ಮಿಕ್ಸಿಯನ್ನು ತಿರುಗಿಸಿದ.

"ನಿನ್ನ ಗಂಡಂಗೆ ಹುಷಾರಿಲ್ವಾ?" ಎಂದು ಅಚ್ಚಯ್ಯ ಮಗಳನ್ನು ಕೇಳಿದರು.

"ಯಾವಾಗ್ಲೂ ಇದೇ ಥರ ಅಪ್ಪ," ಎಂದಳು ಮೀರಾ.

ಮಕ್ಕಳು ಬೇಟೆಗೆ ಕೂತ ಬೆಕ್ಕಿನಂತೆ ಕಾಯುತ್ತಿದ್ದವು. ಅಷ್ಟರಲ್ಲಿ ಲಿಮ್ ಆಂಟಿ ಒಂದು ತಟ್ಟೆ ಸಿಹಿ ಹಿಡಿದು, ಹೊಸ ಅತಿಥಿಯನ್ನು ಮಾತಾಡಿಸಲು ಒಳಗೆ ಬಂದಳು. ಅಂಕಲ್ ಎಲ್ಲಿಯವರು ಎಂದು ವಿಚಾರಿಸಿದಳು. ಅಚ್ಚಯ್ಯ ಬೆನ್ನನ್ನು ಇನ್ನಷ್ಟು ನೆಟ್ಟಗೆ ಮಾಡಿ, ತುಂಬಿದ ಮೈದಾನಕ್ಕೆ ಕೇಳುವ ಕಂಠದಲ್ಲಿ ನುಡಿದರು: "ಐ ಆಮ್ ಫ್ರಮ್ ಕೂರ್ಗ್, ಮೇಡಮ್."

ಈ ಸಲ ಕೆಮ್ಮು ಹೊತ್ತಿಗೆ ಬರಲಿಲ್ಲ.

ಲಿಮ್ ಆಂಟಿ ನಾಲಗೆ ಲೊಚಗುಟ್ಟಿ, ಅಕ್ಕರೆಯಿಂದ ತಲೆಯಾಡಿಸಿದಳು. "ಅಂಕಲ್, ಕ್ಯಾನಾಟ್ ಸೇ ಲೈಕ್ ದಟ್. ಕೊಡಗು. ನೌ ಯೂ ವಾಶ್ ಪ್ಲೇಟ್."

"ವಾಶ್ ಪ್ಲೇಟ್, ತಾತ," ಎಂದವು ಮಕ್ಕಳು ಒಂದೇ ಉಸಿರಿಗೆ.

ಅಚ್ಚಯ್ಯ ಒಬ್ಬೊಬ್ಬರ ಮುಖವನ್ನೂ ನೋಡಿದರು. "ಯಾರು ಮಾಡಿದ ರೂಲು ಇದು?"

ಮೀರಾ ಬೆರಳೆತ್ತಿ ತೋರಿಸಿದಳು. ಶ್ರೀಯಾ ತೋರಿಸಿದಳು. ನಚಿಕೇತ ಎರಡೂ ಕೈಯಲ್ಲಿ ತೋರಿಸಿದ. ದ್ವಾರಕನಾಥ ತನ್ನ ದಾಂಪತ್ಯ, ಮಾನ, ಮಾವನ ಮೆಚ್ಚುಗೆ ಮೂರೂ ಅಣಬೆ ಸಾರಿನಲ್ಲಿ ಮುಳುಗುವುದನ್ನು ನೋಡುತ್ತ ನಿಂತ.

ಅಚ್ಚಯ್ಯ ಎದ್ದರು. ಶರ್ಟಿನ ತೋಳು ಮಡಿಸಿದರು. "ರೂಲು ಅಂದ್ರೆ ರೂಲು," ಎಂದು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಅಡುಗೆಮನೆಗೆ ನಡೆದರು.

ಮಾವ ಎಂಜಲು ತಟ್ಟೆ ತೊಳೆಯುವಾಗ ಕೈಕಟ್ಟಿ ಕೂರುವ ಅಳಿಯ ಮೈಸೂರು ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ದ್ವಾರಕನಾಥ ಹಿಂದೆಯೇ ಓಡಿದ. ಸಿಂಕಿನ ಮುಂದೆ ಒಂದು ಬಾಣಲೆಗಾಗಿ ಇಬ್ಬರೂ ಸ್ವಲ್ಪ ಹೊತ್ತು ಎಳೆದಾಡಿದರು.

"ಬಿಡಿ," ಎಂದರು ಅಚ್ಚಯ್ಯ. "ಪೆನಾಲ್ಟಿ ನಂದು. ಯಾಕೆ ಮಾಡಿದ್ರಿ ಈ ರೂಲು?"

"ನಿಮಗೆ ಖುಷಿಯಾಗ್ಲಿ ಅಂತ ಮಾವ," ಎಂದ. ಬೇರೆ ಉತ್ತರಕ್ಕೆ ಅವನಲ್ಲಿ ಶಕ್ತಿ ಉಳಿದಿರಲಿಲ್ಲ. "ಇಲ್ಲಿ ಎಲ್ಲರ ಬಾಯಲ್ಲೂ ನಿಮ್ಮ ಊರಿನ ಹೆಸರು ಸರಿಯಾಗಿ ಕೇಳಲಿ ಅಂತ."

ಅಚ್ಚಯ್ಯ ಬಾಣಲೆ ಉಜ್ಜುವುದನ್ನು ನಿಲ್ಲಿಸಿದರು.

"ನಮ್ಮವ್ವ ಕೊಡಗ್ ಅಂತಿದ್ಲು," ಎಂದರು. "ಕೊನೇ ಅಕ್ಷರ ಬರೀ ಉಸಿರು ಬಿಟ್ಟ ಹಾಗೆ. ಮೈದಾನದ ಮೈಕಿನಲ್ಲಿ ನಮ್ಮ ತಂಡನ ಕೂರ್ಗ್ ಅಂತ ಕೂಗೋರು, ಆಗ ರೋಮ ನಿಲ್ತಿತ್ತು. ಎರಡಕ್ಕೂ ತಿರುಗಿ ನೋಡ್ತೀನಪ್ಪ ನಾನು. ನಿಮ್ಮ ಕೊಡಗೂ ಸರಿ. ಆದ್ರೆ ಕೊನೇ ಅಕ್ಷರದ ಮೇಲೆ ಅಷ್ಟು ಭಾರ ಹಾಕ್ಬೇಡಿ. ಪಾಪ, ಸಣ್ಣದು ಅದು."

ದ್ವಾರಕನಾಥನ ಕಣ್ಣು ತುಂಬಿತು. (ಸೋಪಿನ ನೊರೆ ಎಂದು ಆಮೇಲೆ ವಾದಿಸಿದ.) ಇಷ್ಟು ವರ್ಷ ಬಿಗಿದಿದ್ದ ಬಾಗಿಲು ತೆರೆದಿತ್ತು. ಆ ಸಂಭ್ರಮದಲ್ಲಿ ಮಾವನಿಗೆ ಏನಾದರೂ ಕೊಡಬೇಕೆನ್ನಿಸಿ, ಕಪಾಟಿನಿಂದ ತಾಯಿ ಕಳಿಸಿದ್ದ ಡಬ್ಬ ತೆಗೆದು ಮುಚ್ಚಳ ಬಿಚ್ಚಿದ.

"ತಗೊಳ್ಳಿ ಮಾವ. ಮನೇಲೇ ಮಾಡಿದ್ದು. ಮೈಸೋರ್ ಪಾಕ್."

ಅಚ್ಚಯ್ಯನವರ ನೊರೆಗೈ ನಿಧಾನವಾಗಿ ಮೇಲೆದ್ದು ಗಾಳಿಯಲ್ಲಿ ನಿಂತಿತು. ಹಾಕಿ ನೋಡಿದವರಿಗೆ ಅದು ಫೌಲಿನ ಕೈ ಎಂದು ಹೇಳಬೇಕಿಲ್ಲ.

"ಏನಂದ್ರಿ?"

"ಮೈ... ಅದು ತಿಂಡಿ ಹೆಸರು ಮಾವ. ಆಫೀಸಲ್ಲಿ ಎಲ್ಲರೂ ಹಾಗೇ ಅಂತಾರೆ. ಬಾಯಿಗೆ ಬಂದ್ಬಿಡ್ತು."

"ನಿಮ್ಮೂರು ಯಾವುದು?"

"...ಮೈಸೂರು."

"ಮಕ್ಕಳೇ," ಎಂದು ಅಚ್ಚಯ್ಯ ಕರೆದರು. ಅವು ಬಾಗಿಲ ಹಿಂದೆಯೇ ಇದ್ದವು. "ಅವರವರ ಊರನ್ನೇ ಸರಿಯಾಗಿ ಅನ್ನದವರಿಗೆ ಏನು ಪೆನಾಲ್ಟಿ?"

"ಡಬಲ್," ಎಂದಳು ಶ್ರೀಯಾ, ತಾತನ ಕಣ್ಣಿನ ಹೊಳಪು ನೋಡಿ. "ತಾತ ರೂಲ್ ತೆಗೆಯೋವರೆಗೂ."

ಅಚ್ಚಯ್ಯ ಕೈ ಒರೆಸಿಕೊಂಡು ಬಾಣಲೆಯನ್ನು ಅಳಿಯನ ಕೈಗಿತ್ತರು. ಸಿಹಿಯ ಒಂದು ತುಂಡನ್ನು ಬಾಯಿಗೆ ಹಾಕಿಕೊಂಡು, "ಮೈಸೂರು ಪಾಕು ಚೆನ್ನಾಗಿದೆ" ಎನ್ನುತ್ತ ಲಿಮ್ ಆಂಟಿಗೂ ಒಂದು ಕೊಡಲು ಹೊರಗೆ ನಡೆದರು.

ಅವರು ಇದ್ದಷ್ಟು ದಿನವೂ ದ್ವಾರಕನಾಥ ಪಾತ್ರೆ ತೊಳೆದ. ಮಾವ ವಿಮಾನ ಹತ್ತುವ ಗಡಿಬಿಡಿಯಲ್ಲಿ ಶಿಕ್ಷೆ ರದ್ದುಮಾಡಿಸಿಕೊಳ್ಳುವುದು ಮರೆತೇಹೋಯಿತು. ಸೀಟಿ ಊದಿದವರೇ ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಮೀರಾ ತೀರ್ಪಿತ್ತಳು. ಆಕೆ ಅವರ ಮಗಳು.

ಮುಂದಿನ ಭಾನುವಾರ ಊಟದ ನಂತರ ಫೋನು ಮೊಳಗಿತು. ಅವನು ಒದ್ದೆ ಕೈಯಲ್ಲೇ ಎತ್ತಿದ.

"ಹಲೋ."

"ಮೀರಾಗೆ ಕೊಡ್ತೀನಿ ಮಾವ."

"ಅವಳು ಆಮೇಲೆ. ಪಾತ್ರೆ ಆಯ್ತಾ?"

ದ್ವಾರಕನಾಥ ಗಂಟಲು ಸರಿಮಾಡಿಕೊಂಡ. ಇದೇ ಸಮಯ, ಬಿಡುಗಡೆ ಕೇಳಿಬಿಡಬೇಕು. "ಇಲ್ಲ ಮಾವ, ಬಾಣಲೆ ಒಂದಿದೆ. ಆ ರೂಲಿನ ವಿಷಯ ಒಂಚೂರು..."

"ತೊಳಿ," ಎಂದರು ಅಚ್ಚಯ್ಯ. "ಫೋನು ಅಲ್ಲೇ ಪಕ್ಕಕ್ಕಿಡು. ನಾನು ಲೈನಲ್ಲೇ ಇರ್ತೀನಿ."